ಕಿಡಕಿಯಿಂದ ಹಿಡಿದ ಸೀಟು

ಹೋದ ವಾರ ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ಮುರಗೋಡದ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಬಸ್ಸು ಇನ್ನೂ ಪೂರ್ತಿ ನಿಂತಿರಲಿಲ್ಲ, ಒಂದು ಟಾವೆಲ್ ನನ್ನ ಕಿವಿ ಸವರಿಕೊಂಡು ಹೋಗಿ ಕಿಟಕಿಯೊಳಗೆ ಬಿತ್ತು. ಎಸೆದವನು ನಿಶ್ಚಿಂತೆಯಿಂದ ಬೀಡಿ ಹೊತ್ತಿಸಿದ. ಸೀಟು ಅವನದಾಯಿತು. ನಮ್ಮ ಕಡೆ ಈ ಕಾಯ್ದೆಯನ್ನು ಯಾರೂ ಬರೆದಿಟ್ಟಿಲ್ಲ, ಮುರಿಯುವವರೂ ಇಲ್ಲ. ಟಾವೆಲ್ ಇಲ್ಲದವರು ಚೀಲ ಇಡುತ್ತಾರೆ. ಚೀಲವೂ ಇಲ್ಲದವರು ಕೂಸನ್ನು ಒಳಗೆ ಕೊಟ್ಟು, "ಸ್ವಲ್ಪ ಹಿಡೀರಿ" ಅನ್ನುತ್ತಾರೆ. ಆ ಕೂಸಿನ ಮಾತಿಗೆ ಬಂದರೆ ನನಗೆ ಈಗಲೂ ಬೆವರು ಬರುತ್ತದೆ.

ನಮ್ಮೂರಿಗೆ ರೈಲಿಲ್ಲ. ಮೆಟ್ರಿಕ್ ಪಾಸಾದ ವರ್ಷ ಒಮ್ಮೆ ಮಿರಜಕ್ಕೆ ರೈಲಿನಲ್ಲಿ ಹೋಗಿ ಬಂದದ್ದಕ್ಕೇ ಓಣಿಯಲ್ಲಿ ನಾನು ರೈಲಿನ ಪಂಡಿತ. ತೊಂಬತ್ತರ ದಶಕದ ಆರಂಭದಲ್ಲಿ ಅಕ್ಕನ ಮಗಳು ಸುಮಿತ್ರಾಳನ್ನು, ಅವಳ ಚೊಚ್ಚಲ ಕೂಸಿನ ಸಮೇತ, ಮುರಗೋಡದ ತವರಿನಿಂದ ಗೋವಾದ ಗಂಡನ ಮನೆಗೆ ಮುಟ್ಟಿಸುವ ಕೆಲಸ ಸಹಜವಾಗಿ ನನ್ನ ಪಾಲಿಗೆ ಬಂತು. ಕಿತ್ತೂರಿಗೆ ಬಂದು, ಅಲ್ಲಿಂದ ಕಾಡಿನ ದಾರಿಯಲ್ಲಿ ಅಳ್ನಾವರ ಸ್ಟೇಶನ್ನಿಗೆ ಹೋದೆವು. ಸಣ್ಣ ಸ್ಟೇಶನ್ನು. ಆಚೆ ಸಾಗವಾನಿ ದಿಮ್ಮಿಗಳ ರಾಶಿ, ಈಚೆ ಚಹಾದ ಒಲೆ. ಎಷ್ಟು ಚಂದದ ಜಾಗವೆಂದರೆ, ಗಾಡಿ ಬರುವುದೇ ಬೇಡ ಅನ್ನಿಸುತ್ತಿತ್ತು.

ಗಾಡಿ ಬಂತು. ಬಾಗಿಲುಗಳಲ್ಲಿ ಜನ ಜೋತಾಡುತ್ತಿದ್ದರು. ಸರಳಿಲ್ಲದ ಒಂದು ಕಿಟಕಿ ಕಂಡಿತು, ಅದರ ಬದಿಯಲ್ಲಿ ಒಂದು ಸೀಟು ಖಾಲಿ.

"ಕೊಡ ಇಲ್ಲೆ ಕೂಸನ್ನ" ಅಂದೆ.

"ಬ್ಯಾಡ ಮಾಮಾ, ಮೊದಲ ನಾ ಹತ್ತತೇನಿ."

"ನಿನಗೇನ ತಿಳಿತೈತಿ ರೈಲಿಂದು" ಎಂದು ಅವಳ ಕೈಯಿಂದ ಕೂಸನ್ನು ಕಸಿದು, ಒಳಗಿದ್ದ ಮುದುಕಿಯೊಬ್ಬಳಿಗೆ ಕೊಟ್ಟೆ. ನಾವು ಗಂಟು ಹೊತ್ತು ಬಾಗಿಲಿಗೆ ಬರುವಷ್ಟರಲ್ಲಿ ಗಾಡಿ ಹೊರಟಿತು. ನಾನು ಓಡುತ್ತ ಡಬ್ಬಿಯ ಮೈಗೆ ಎರಡೇಟು ಬಡಿದು, "ಹೋಲ್ಡಾನ್, ಮಂದಿ ಹತ್ತೂದೈತಿ" ಎಂದು ಕೂಗಿದೆ. ನಮ್ಮ ಕಡೆಯ ದೊಡವಾಡದ ಬಸ್ಸಾದರೆ ನಿಲ್ಲುತ್ತಿತ್ತು. ಮುದುಕಿ ಕಿಟಕಿಯಿಂದ ಏನೋ ಕೈಸನ್ನೆ ಮಾಡಿದಳು. ಸುಮಿತ್ರಾ ಹಳಿಯ ಪಕ್ಕದಲ್ಲೇ ಕುಸಿದು ಕೂತಳು.

ಸ್ಟೇಶನ್ ಮಾಸ್ತರರು ಮುಂದಿನ ಸ್ಟೇಶನ್ನಿಗೆ ಫೋನು ಮಾಡಿದರು. ಕಟ್ಟಿಗೆಯ ಲಾರಿಯವನೊಬ್ಬ ನಮ್ಮನ್ನು ಹತ್ತಿಸಿಕೊಂಡ. ಸುಮಿತ್ರಾಳ ಎದೆಯ ಹಾಲು ಸೋರಿ ಕುಪ್ಪಸ ತೊಯ್ದಿತ್ತು. ನಾನು ಹೊರಗೆ ಗಿಡಮರಗಳನ್ನು ನೋಡುತ್ತಿದ್ದೆ.

ಆ ಮುಂದಿನ ಸ್ಟೇಶನ್ನಿನ ಬೆಂಚಿನ ಮೇಲೆ ಆ ಮುದುಕಿ ಕೂತಿದ್ದಳು, ಸವದತ್ತಿಯ ಕಡೆಯ ಬೀಬಿ. ತನ್ನ ಗಾಡಿಯನ್ನು ಹೋಗಗೊಟ್ಟು, ಮಡಿಲಲ್ಲಿ ಕೂಸನ್ನು ಮಲಗಿಸಿಕೊಂಡಿದ್ದಳು. ಸುಮಿತ್ರಾಳಿಗೆ ಅದನ್ನು ಒಪ್ಪಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಯಾಕ್ರಿ ಯಜಮಾನ್ರ, ಟಾವೆಲ್ ಮನಿಯಾಗ ಮರತ ಬಂದಿದ್ರೇನ?"

ಇಷ್ಟಕ್ಕೇ ಮುಗಿದಿದ್ದರೆ ಇದು ನಗುವ ಕತೆ. ಆದರೆ ಗೋವಾ ಮುಟ್ಟಿದಾಗ, ಇಷ್ಟು ತಡ ಯಾಕೆಂದು ಅವಳ ಅತ್ತೆ ಕೇಳಿದರು. ಬೀಗರ ಮನೆ, ಮೊದಲ ಸಲ ಹೋದವನು. ನನ್ನ ಬಾಯಿಂದ ಸಲೀಸಾಗಿ ಬಂತು: "ಏನ್ಮಾಡೂದ್ರಿ, ಹುಡುಗ ಬುದ್ಧಿ. ಕಿಡಕ್ಯಾಗ ಕೂಸನ್ನ ಕೊಟ್ಟಬಿಟ್ಲು."

ಸುಮಿತ್ರಾ ತಲೆಯೆತ್ತಿ ನನ್ನನ್ನು ನೋಡಿದಳು. ಅಷ್ಟೆ.

ಆಮೇಲೆ ಅತ್ತೆ ಅವಳನ್ನು ಕೂಸಿನ ಜೊತೆ ಒಬ್ಬಳನ್ನೇ ಎಲ್ಲಿಗೂ ಕಳಿಸಲಿಲ್ಲ. ಅಕ್ಕ ಹಾಸಿಗೆ ಹಿಡಿದಾಗಲೂ ಸುಮಿತ್ರಾ ಮಗನನ್ನು ಗೋವಾದಲ್ಲೇ ಬಿಟ್ಟು ಬಂದಳು. ಮೊಮ್ಮಗನ ಮುಖಕ್ಕಾಗಿ ಹಂಬಲಿಸುತ್ತಲೇ ಅಕ್ಕ ಹೋದಳು. ನಮ್ಮವರೆಲ್ಲ ಅವಳಿಗೆ ಕಿಡಕಿ ಸುಮಿ ಎಂದು ಹೆಸರಿಟ್ಟರು. ಆ ಕತೆಯನ್ನು ಎಲ್ಲರಿಗಿಂತ ರಂಜನೀಯವಾಗಿ ಹೇಳುತ್ತಿದ್ದವನು ನಾನೇ.

ಹೋದ ವಾರ ಮುರಗೋಡಕ್ಕೆ ಹೊರಟದ್ದು, ಸುಮಿತ್ರಾ ತವರಿನಲ್ಲೇ ಇಟ್ಟುಕೊಂಡಿದ್ದ ಅದೇ ಕೂಸಿನ ನಿಶ್ಚಯಕ್ಕೆ. ಊಟದ ಪಂಕ್ತಿಯಲ್ಲಿ ಯಾರೋ ಹೆಣ್ಣಿನ ಕಡೆಯವರಿಗೆ, "ನಿಮ್ಮ ಬೀಗತಿ ಕತಿ ಕೇಳ್ರಿಲ್ಲೆ" ಎಂದು ಶುರು ಮಾಡಿದರು. ಹೋಳಿಗೆ ಬಡಿಸುತ್ತಿದ್ದ ಸುಮಿತ್ರಾ ಎಂದಿನಂತೆ ನಗಲು ತಯಾರಾದಳು. ಆ ತಯಾರಿಯನ್ನು ನಾನು ಮೊದಲ ಸಲ ಕಂಡೆ.

"ಆಕಿ ಕೊಡಲಿಲ್ಲ" ಅಂದೆ. "ಬ್ಯಾಡ ಅಂದ್ಲು. ನಾನ ಕಸಗೊಂಡು ಕೊಟ್ಟೆ. ಬೀಗರ ಮುಂದ ಸುಳ್ಳ ಹೇಳಿದೆ."

ಅವಳು ನನ್ನ ಎಲೆಯ ಮುಂದೆ ಬಾಗಿದಳು.

"ಅತ್ತಿ ಇದ್ದಾಗ ಹೇಳಬೇಕಿತ್ತ ಮಾಮಾ" ಎಂದು ಮೆಲ್ಲಗೆ ಅಂದಳು. "ಅವ್ವ ಇದ್ದಾಗ."

ಎಲ್ಲರಿಗೂ ಬಡಿಸಿದಂತೆ ನನಗೂ ಒಂದು ಹೋಳಿಗೆ ಬಡಿಸಿ, ತುಪ್ಪ ಹಾಕಿ, ಮುಂದಿನ ಎಲೆಗೆ ಸರಿದಳು.