ಬಿಳಿಯಾಗಿ ಉಳಿದ ಮನೆ

ನನಗೆ ರಂಗೋಲಿ ಚೆನ್ನಾಗಿ ಬರುತ್ತಿತ್ತು. ಎಲ್ಲ ಅನಾಹುತವೂ ಅಲ್ಲಿಂದಲೇ ಶುರುವಾಯಿತು ಎಂದರೆ ಕೇಳಿದವರು ನಗುತ್ತಾರೆ. ನನಗೆ ಇವತ್ತಿಗೂ ನಗು ಬರುವುದಿಲ್ಲ.

ಆಗ ನಾನು ಶಹಾಪುರದ ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿದ್ದೆ, ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಕಾಲುವೆ ನೀರು ಬಂದ ಮೇಲೆ ನಮ್ಮೂರ ಜೋಳದ ಹೊಲಗಳು ಭತ್ತದ ಗದ್ದೆಗಳಾಗಿದ್ದವು. ರಾಶಿಯ ಕಾಲಕ್ಕೆ ಊರ ತುಂಬ ಹೊಟ್ಟಿನ ಧೂಳು, ಮನೆಮನೆಗೂ ಕೆಮ್ಮು. ಕೆಮ್ಮೆಲ್ಲ ಧೂಳಿನದಲ್ಲ, ಅದರಲ್ಲಿ ಟಿ.ಬಿ. ಎಷ್ಟಿದೆ ನೋಡಬೇಕು ಎಂದು ಒಬ್ಬ ಡಾಕ್ಟರ್ ಮೇಡಂ ಬಂದರು. ದಕ್ಷಿಣದ ಕಡೆಯವರು, ಮೆತ್ತಗೆ ಮಾತಾಡುವವರು. "ನಿಮ್ಮೂರು ನಿಮಗೆ ತಾನೇ ಗೊತ್ತು? ಸಂಶೋಧನೆ ನೀವೇ ಮಾಡಬೇಕು" ಎಂದು ಊರಿನ ಓದುವ ಹುಡುಗಿಯರು ಐವರನ್ನು ಆರಿಸಿಕೊಂಡರು. ಸಂಶೋಧನೆ ಎಂಬ ಮಾತಿಗೇ ನಾನು ಒಂದು ಗೇಣು ಉದ್ದವಾದೆ. ಕೈಗೆ ಕ್ಲಿಪ್ಪಿನ ರಟ್ಟು ಬಂತು, ಕೊರಳಿಗೆ ಗುರುತಿನ ಚೀಟಿ ಬಂತು. ಚೀಟಿಯನ್ನು ಊಟಕ್ಕೆ ಕೂತಾಗಲೂ ತೆಗೆಯುತ್ತಿರಲಿಲ್ಲ.

ನನ್ನ ಪಾಲಿಗೆ ನಮ್ಮದೇ ಓಣಿ ಬಂತು. ನಮ್ಮ ಮನೆಗೂ ಚಿಗವ್ವನ ಮನೆಗೂ ನಡುವೆ ಒಂದೇ ಗೋಡೆ. ರಕ್ತ ಸಂಬಂಧದ ಚಿಕ್ಕಮ್ಮನಲ್ಲ, ಎತ್ತಿ ಆಡಿಸಿದವಳು ಎಂದು ಹಾಗೆ ಕರೆಯುತ್ತಿದ್ದೆವು. ಗಂಡ ತೀರಿಕೊಂಡ ಮೇಲೆ ಭತ್ತದ ನಾಟಿಗೆ ಹೋಗಿ, ಮದುವೆ ಮನೆಗಳಲ್ಲಿ ರೊಟ್ಟಿ ಬಡಿದು ಒಬ್ಬಳೇ ಬದುಕುತ್ತಿದ್ದಳು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದೆಯೇ ಎಂದು ಫಾರಂ ನೋಡಿ ಓದಿದೆ. ಅವಳು ಒಂದನ್ನೂ ಮುಚ್ಚಿಡಲಿಲ್ಲ. ಮೂರು ತಿಂಗಳಿಂದ ಕೆಮ್ಮು, ಸಂಜೆಗೆ ಜ್ವರ, ಊಟ ಸೇರುವುದಿಲ್ಲ.

"ಯಾರಿಗೂ ಹೇಳಂಗಿಲ್ಲ ಚಿಗವ್ವ" ಎಂದೆ.

"ನೀ ಯಾಕ ಹೇಳ್ತೀಯವ್ವ" ಎಂದಳು.

ಮುಂದಿನ ಫಾರಂ ನಮ್ಮ ಮನೆಯದು. ನಮ್ಮಕ್ಕನೂ ಕೆಮ್ಮುತ್ತಿದ್ದಳು. ವಡಗೇರಿಯ ಹುಡುಗನೊಂದಿಗೆ ಅವಳ ಮದುವೆ ಗೊತ್ತಾಗಿ ಸೀರೆಯೂ ಬಂದಿತ್ತು. ಟಿ.ಬಿ. ಎಂಬ ಸುದ್ದಿ ಎದ್ದರೆ ಸಂಬಂಧ ಉಳಿಯುವುದಿಲ್ಲ ಎಂದು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದಾಗ ಅಕ್ಕ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ನನ್ನ ಬರದಿಯೇನ?"

"ಹುಚ್ಚಿ, ನಿನ್ನ ಬರೀತೀನೇನ? ಒಳಗ ನಡಿ."

ಏನೋ ಹೇಳಲು ಬಂದವಳು ತಿರುಗಿ ಒಳಗೆ ಹೋದಳು. ಅವಳಿಗೆ ಜೀವ ಬಂದಂತಾಯಿತು ಎಂದುಕೊಂಡು ನಾನು 'ಇಲ್ಲ' ಎಂದು ದುಂಡಗೆ ಬರೆದೆ.

ಸರ್ವೆ ಮುಗಿದ ಮೇಲೆ, ಊರಿನ ಆರೋಗ್ಯ ಊರವರಿಗೇ ಕಾಣಬೇಕು, ಶಾಲೆಯ ಅಂಗಳದಲ್ಲಿ ಊರಿನ ನಕ್ಷೆ ಬರೆಯಿರಿ ಎಂದರು ಮೇಡಂ. ಮನೆಗಳಿಗೆ ಬಿಳಿ ರಂಗೋಲಿ, ಕೆಮ್ಮಿರುವ ಮನೆಗಳಿಗೆ ಕೆಂಪು. "ಹೆಸರು ಮಾತ್ರ ಬರೆಯಬೇಡಿ." ಯಾರ ಮನೆಯ ಬಾಗಿಲು ಯಾವ ಕಡೆಗಿದೆ ಎಂದು ಕಣ್ಣು ಮುಚ್ಚಿ ಹೇಳುವ ಊರಿನಲ್ಲಿ ಹೆಸರು ಯಾರಿಗೆ ಬೇಕಿತ್ತು? ಮೇಡಂ ಅವರಿಗೆ ಅದು ತಿಳಿಯದಿದ್ದರೆ ತಪ್ಪಲ್ಲ. ಊರು ಗೊತ್ತು ಎಂದೇ ಆರಿಸಿಕೊಂಡಿದ್ದು ನನ್ನನ್ನು. ನಾನು ಬಾಯಿ ಬಿಡಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಗೆರೆ ಸೊಟ್ಟಾಗಬಾರದು ಎಂಬುದೊಂದೇ. ಕೆಂಪು ಬಣ್ಣ ಸಾಲದೆ ಹೋದಾಗ ಓಡಿಹೋಗಿ ಚಿಗವ್ವನ ಹತ್ತಿರವೇ ಗೋಡೆಗೆ ಬಳಿಯುವ ಹುರಮಂಜು ಕೇಳಿದೆ. ಎರಡು ಹೆಂಟೆ ಕೊಟ್ಟಳು, ಸೆರಗಿನಿಂದ ನನ್ನ ಹಣೆಯ ಬೆವರೂ ಒರೆಸಿದಳು.

ಮಧ್ಯಾಹ್ನ ಊರೆಲ್ಲ ಅಂಗಳದ ಸುತ್ತ ನಿಂತಿತು. ಹಣಮಪ್ಪನ ಗುಡಿ, ಕಾಲುವೆ, ಬೇವಿನ ಗಿಡ ಎಲ್ಲವೂ ಇದ್ದಲ್ಲೇ ಇದ್ದವು. ಜನ ಶಹಬ್ಬಾಸ್ ಎಂದರು. ನಮ್ಮ ಓಣಿಗೆ ಬಂದು ನಾನು ಚಿಗವ್ವನ ಮನೆಗೆ ಕೆಂಪು ತುಂಬಿದೆ. ಪಕ್ಕದ್ದು ನಮ್ಮದು. ಎದುರಿಗೆ ಅವ್ವ ನಿಂತಿದ್ದಳು. ಅವಳ ಪಕ್ಕದಲ್ಲಿ ಚಿಗವ್ವ. ನಾನು ತಲೆ ಎತ್ತದೆ ನಮ್ಮ ಮನೆ ದಾಟಿದೆ.

ಮರುದಿನವೇ ನಾಟಿಯ ಹೆಂಗಸರು ಚಿಗವ್ವನಿಗೆ ನೀರಿನ ತಂಬಿಗೆ ಬೇರೆ ತರಲು ಹೇಳಿದರು. ವಾರದೊಳಗೆ ಕರೆಯುವುದನ್ನೇ ಬಿಟ್ಟರು. ಅವಳ ಕಫದಲ್ಲಿ ಟಿ.ಬಿ. ಇದೆ ಎಂದು ಶಹಾಪುರದಿಂದ ವರದಿ ಬಂತು. ಗುಳಿಗೆ ನುಂಗಿಸುವ ಕೆಲಸವೂ ನನ್ನ ಪಾಲಿಗೇ ಬಂತು: ಸೋಮವಾರ, ಬುಧವಾರ, ಶುಕ್ರವಾರ ಗುಳಿಗೆ, ನನ್ನ ಎದುರಿಗೇ ನುಂಗಬೇಕು, ನಾನು ಕಾರ್ಡಿನಲ್ಲಿ ಗುರುತು ಹಾಕಬೇಕು. ಅವಳು ಒಂದು ದಿನವೂ ತಪ್ಪಿಸಲಿಲ್ಲ. ನುಂಗಿ, ಸಣ್ಣ ಮಕ್ಕಳಂತೆ ಬಾಯಿ ತೆರೆದು ತೋರಿಸುತ್ತಿದ್ದಳು. ನಾನು ಅವಳ ಬಾಯಿ ನೋಡುತ್ತಿದ್ದೆ, ಮುಖ ನೋಡುತ್ತಿರಲಿಲ್ಲ.

ಎರಡನೇ ತಿಂಗಳಲ್ಲಿ ಒಂದು ದಿನ ಅವಳೇ ಮಾತು ತೆಗೆದಳು. "ನಿಮ್ಮಕ್ಕಂದೂ ಕಫ ತೋರಸವ್ವ. ಗ್ವಾಡಿ ಒಂದ ಅದ, ನನಗ ಕೇಳಸ್ತದ."

"ಅದು ಹೊಟ್ಟಿನ ಧೂಳಿಂದು ಚಿಗವ್ವ" ಎಂದೆ. ಅವಳು ಲೋಟ ಬೋರಲು ಹಾಕಿ ಎದ್ದಳು.

ಮದುವೆಗೆ ಓಣಿಯ ಹೆಂಗಸರು ನಮ್ಮ ಮನೆಯಲ್ಲಿ ಎರಡು ದಿನ ರೊಟ್ಟಿ ಬಡಿದರು. ಚಿಗವ್ವನನ್ನು ಕರೆಯಲಿಲ್ಲ. "ಮಂದಿ ಉಣ್ಣಂಗಿಲ್ಲ" ಎಂದಳು ಅವ್ವ. ಅಷ್ಟು ತೆಳ್ಳಗೆ ರೊಟ್ಟಿ ಬಡಿಯುವ ಕೈ ಊರಲ್ಲಿ ಇನ್ನೊಂದಿರಲಿಲ್ಲ. ಆ ಸದ್ದೂ ಗೋಡೆಯಾಚೆ ಕೇಳಿರಬೇಕು ಎಂದು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಏಳು ತಿಂಗಳಿಗೆ ಅಕ್ಕನನ್ನು ವಡಗೇರಿಯವರು ತಂದು ಬಿಟ್ಟುಹೋದರು. ಎಲುಬು ಚರ್ಮ ಒಂದಾಗಿತ್ತು, ಕೆಮ್ಮಿದರೆ ರಕ್ತ ಬೀಳುತ್ತಿತ್ತು. ಅವ್ವ ಅಳುತ್ತ ಕೂತಳು. ಅಷ್ಟರಲ್ಲಿ ಗುಣವಾಗಿದ್ದ ಚಿಗವ್ವ ಯಾರೂ ಕರೆಯದೆ ಬಂದಳು, ಅಕ್ಕನ ತಲೆ ಬಾಚಿದಳು, ಮೊದಲ ಬಸ್ಸಿಗೆ ಶಹಾಪುರಕ್ಕೆ ಕರೆದುಕೊಂಡು ಹೋದಳು. ಜೊತೆಗೆ ಹೋದ ನಾನು ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಬಗ್ಗಿ ಕೇಳಿದೆ, "ಅವತ್ತು ಸಾಲಿ ಅಂಗಳದಾಗ ನಮ್ಮ ಮನೀಗೂ ಕೆಂಪು ತುಂಬು ಅಂತ ನೀ ಯಾಕ ಹೇಳಲಿಲ್ಲ ಚಿಗವ್ವ?"

"ಅಷ್ಟು ಮಂದಿ ಮುಂದ ಹೇಳಿ ಸಂಬಂಧ ಮುರೀಲೇನ? ನೀ ಸಾಲಿ ಕಲತಾಕಿ, ಮಂದಿಗೆ ಗೊತ್ತಾಗದಂಗ ಎಲ್ಲ್ಯಾರ ಡಾಕ್ಟರಿಗೆ ತೋರಸ್ತಿ ಅಂದ್ಕೊಂಡಿದ್ದೆ."

ಅಕ್ಕನಿಗೂ ಅದೇ ಗುಳಿಗೆ, ಅದೇ ಕಾರ್ಡು. ಮೊದಲ ದಿನ ನೀರಿನ ಲೋಟ ಹಿಡಿದು ಅವಳ ಮುಂದೆ ಕೂತೆ. ಅಕ್ಕ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

"ಅವತ್ತು ನಾ ನನ್ನ ಹೆಸರೂ ಬರಿ ಅಂತ ಹೇಳಾಕ ಬಂದಿದ್ದೆ. ನೀ ಕೇಳಲಿಲ್ಲ" ಎಂದಳು. "ನಿನ್ನ ಮುಂದ ನುಂಗಂಗಿಲ್ಲ."

ಗುಳಿಗೆ ಪೊಟ್ಟಣ ತೆಗೆದುಕೊಂಡು, ಗೋಡೆ ಹಿಡಿದು ಹೆಜ್ಜೆಯಿಡುತ್ತ ಪಕ್ಕದ ಮನೆಗೆ ಹೋದಳು. ಆರು ತಿಂಗಳೂ ಹಾಗೆಯೇ ಹೋದಳು. ಸೋಮವಾರ, ಬುಧವಾರ, ಶುಕ್ರವಾರ ನಾನು ಅಕ್ಕನ ಕಾರ್ಡು ಹಿಡಿದು ನಮ್ಮ ಕಡೆ ಗೋಡೆಗೆ ಒರಗಿ ಕೂತಿರುತ್ತಿದ್ದೆ. ಆ ಕಡೆಯಿಂದ ಚಿಗವ್ವನ ದನಿ ಕೇಳುತ್ತಿತ್ತು. "ಬಾಯಿ ತೆಗಿಯವ್ವ, ನೋಡ್ತೀನಿ." ಅದನ್ನು ಕೇಳಿ ನಾನು ಗುರುತು ಹಾಕುತ್ತಿದ್ದೆ.