ಸೊಸೆ ಕೊಟ್ಟ ಉತ್ತರ

"ದೇವರನ್ನು ವಿಶ್ವಾಸಿಸುತ್ತೀರಾ?" ಎಂದು ಫಾದರ್ ಕೇಳಿದರು. ನನ್ನ ಸೊಸೆ ಸ್ಟೆಲ್ಲಾ ಉತ್ತರ ಕೊಡಲಿಲ್ಲ. ಹರಿಹರದ ಚರ್ಚಿನಲ್ಲಿ ಅಂದು ನನ್ನ ಮಗಳು ರೀಟಾಳ ಕೂಸಿಗೆ ಜ್ಞಾನಸ್ನಾನ. ಕೂಸಿನ ಪರವಾಗಿ ಉತ್ತರ ಕೊಟ್ಟು ಅದರ ವಿಶ್ವಾಸಕ್ಕೆ ಹೊಣೆ ಹೊರುವ ಜ್ಞಾನತಾಯಿಯಾಗಿ ಅದನ್ನು ಎತ್ತಿಕೊಂಡು ನಿಂತವಳು ಸ್ಟೆಲ್ಲಾ.

ಎರಡು ವರ್ಷದ ಹಿಂದೆ ಅವಳ ಚೊಚ್ಚಲ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. "ನಮ್ಮ ಪ್ರಾರ್ಥನೆ ಕೇಳೋರು ಯಾರೂ ಇಲ್ರಿ ಅತ್ತಿ" ಎಂದವಳು ಮತ್ತೆ ಚರ್ಚಿನ ಮೆಟ್ಟಿಲು ಹತ್ತಿರಲಿಲ್ಲ. ನಾನೂ ಒತ್ತಾಯಿಸಿರಲಿಲ್ಲ. "ಅತ್ತಿಗೆ, ನನ್ನ ಮಗಳಿಗೆ ನೀವೇ ಜ್ಞಾನತಾಯಿ ಆಗ್ಬೇಕು" ಎಂದು ರೀಟಾ ಪಟ್ಟು ಹಿಡಿದದ್ದಕ್ಕೆ ದಾವಣಗೆರೆಯಿಂದ ನಮ್ಮ ಜೊತೆ ಬಸ್ಸು ಹತ್ತಿದ್ದಳು.

ಎಲ್ಲರೂ ಸ್ಟೆಲ್ಲಾಳತ್ತ ತಿರುಗಿದರು. ಹಿಂದಿನಿಂದ ಯಾರೋ "ಹೇಳವ್ವ" ಎಂದು ಪಿಸುಗುಟ್ಟಿದರು. ಫಾದರ್ ಮಾತ್ರ ಅವಸರ ಮಾಡದೆ ಕಾದರು. ಕೂಸಿನ ಮುಖವನ್ನೇ ನೋಡುತ್ತಿದ್ದ ಸ್ಟೆಲ್ಲಾಳ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು. ಆಮೇಲೆ ಅವಳು ತಲೆಯೆತ್ತಿ, ಕೊನೆಯ ಬೆಂಚಿನವರಿಗೂ ಕೇಳುವಂತೆ "ವಿಶ್ವಾಸಿಸುತ್ತೇನೆ" ಎಂದಳು.

ಹೊರಗೆ ಬಂದ ಮೇಲೆ "ಅಷ್ಟೊತ್ತು ಯಾಕವ್ವ ಸುಮ್ನಿದ್ದೆ?" ಎಂದು ಕೇಳಿದೆ.

"ದೇವರ ಮುಂದೆ ಸುಳ್ಳು ಹೇಳಬಾರ್ದು ಅಂತ ಸುಮ್ನಿದ್ದೆ ಅತ್ತಿ. ಈ ಕೂಸು ನನ್ನ ಕೈಯಾಗೆ ಇದ್ದಂಗೆ ನನ್ನ ಕೂಸು ಅವನ ಕೈಯಾಗೆ ಐತೆ ಅನ್ನಿಸ್ತು. ಅನ್ನಿಸಿದ ಮ್ಯಾಲೆ ಹೇಳಿದೆ. ಖರೇನೇ ಹೇಳೀನ್ರಿ."

ಅರವತ್ತು ವರ್ಷದಿಂದ ನಾನು ಭಾನುವಾರದ ಪೂಜೆಯಲ್ಲಿ "ವಿಶ್ವಾಸಿಸುತ್ತೇನೆ" ಎಂಬ ಆ ಮಾತನ್ನು ಉಸಿರಾಡಿದಷ್ಟು ಸಲೀಸಾಗಿ ಹೇಳುತ್ತ ಬಂದವಳು. ಈಗ ಪ್ರತಿ ಭಾನುವಾರ ಒಂದು ಕ್ಷಣ ತಡೆದು, ನನ್ನನ್ನೇ ಕೇಳಿಕೊಂಡು ಹೇಳುತ್ತೇನೆ. ಇದನ್ನು ಕಲಿಸಿದವಳು ನನ್ನ ಸೊಸೆ ಎಂದು ಎಲ್ಲರೆದುರು ಹೇಳಿಕೊಳ್ಳಲು ನನಗೆ ಹೆಮ್ಮೆ.