ಶಾಂತವ್ವನ ಹಾಲು-ರೊಟ್ಟಿ ಮತ್ತು ಮನಗೂಳಿಯ ನಾಯಿ

ಗೆಳೆಯರೇ, ನಾವು ಹುಡುಗರು ಪುಕ್ಕಟೆ ದುಡಿದು ಕಟ್ಟಿದ ನಮ್ಮೂರು ಹೊರ್ತಿಯ ನಾಯಿಗಾಡಿ ಸಂಘ ಇವತ್ತು ಕಪ್ ಕಳೆದುಕೊಂಡಿತು. ತೀರ್ಪು ಕೊಟ್ಟವನು ನಾನೇ.

ಮೂರು ಗಾಲಿಯ ಹಗುರ ಗಾಡಿ, ಮೇಲೆ ಒಬ್ಬ ಸವಾರ, ಎಳೆಯಲು ಒಂದು ಬೇಟೆನಾಯಿ. ಇದೇ ನಮ್ಮ ಪಂದ್ಯ. ನಮ್ಮ ರಾಜಾ ಸವಾರನ ಮಾತಿಗೆ ಓಡುವ ನಾಯಿಯಲ್ಲ. ಅದಕ್ಕೆ ದಿನಾ ಊಟ ಹಾಕುವ ಶಾಂತವ್ವ ಹಾಲು-ರೊಟ್ಟಿಯ ಬೋಗುಣಿ ಹಿಡಿದು ಎದುರಿಗೆ ನಿಲ್ಲಬೇಕು. ಹಾಗಾಗಿ ಅವಳನ್ನು ಗೆಲುವಿನ ಗೆರೆಯ ಆಚೆ ನಿಲ್ಲಿಸಿದ್ದೆವು. ಸೀಟಿ ಹಿಡಿದು ನಾನು ಪಕ್ಕದಲ್ಲಿದ್ದೆ.

ರಾಜಾ ಬಾಣದಂತೆ ಬಂತು. ಎದುರಾಳಿ ಊರು ಮನಗೂಳಿಯವರ ನಾಯಿ ಅದಕ್ಕಿಂತ ಜೋರಾಗಿ, ನೇರ ಶಾಂತವ್ವನ ಕಡೆಗೇ ಬಂತು. ಅದರ ಮೂತಿಯೇ ಮೊದಲು ಗೆರೆ ದಾಟಿತು.

"ರಾಜಾ ಮೊದಲು ಅಂತ ಹೇಳೋ," ಎಂದು ನಮ್ಮ ಸಂಘದ ಅಧ್ಯಕ್ಷ ಕಾಕಾ ಕಿವಿಯಲ್ಲಿ ಉಸುರಿದರು.

"ಇಲ್ರಿ ಕಾಕಾ, ಮನಗೂಳಿದು."

"ಸಾಲಿ ಬಿಟ್ಟಾಂವ ನೀನು, ನಿನಗೇನ್ ತಿಳೀತೈತಿ?"

"ಮೂತಿ ನೋಡಾಕ ಸಾಲಿ ಯಾಕ ಬೇಕ್ರಿ?"

ಕಾಕಾ ಸಿಟ್ಟಿನಲ್ಲಿ ಶಾಂತವ್ವನ ಕಡೆ ತಿರುಗಿದರು. "ಯವ್ವಾ, ಅವರ ನಾಯಿ ನಿನ್ನ ಕಡೆ ಯಾಕ ಓಡಿ ಬಂತು?"

"ಮುಂಜಾನೆ ಅದಕ್ಕೂ ಹಾಲು-ರೊಟ್ಟಿ ಹಾಕೀನಿ. ಊರಿಗೆ ಬಂದ ಬೀಗರನ್ನ ಉಪವಾಸ ಇಡ್ಲೇನು?"

ಕಾಕಾ ನನ್ನ ಸೀಟಿ ಕಿತ್ತುಕೊಂಡು ನಡೆದುಬಿಟ್ಟರು. ಸಂಘದಲ್ಲಿ ನಾನು ಇದ್ದೇನೋ ಇಲ್ಲವೋ ನಾಳೆ ಗೊತ್ತಾಗುತ್ತದೆ.

ಕಪ್ ಮನಗೂಳಿಗೆ ಹೋಯಿತು. ಅದನ್ನು ಗೆದ್ದ ನಾಯಿ ಮಾತ್ರ ಎಷ್ಟು ಕರೆದರೂ ಅವರ ಟೆಂಪೊ ಹತ್ತದೆ, ಇನ್ನೂ ಶಾಂತವ್ವನ ಕಟ್ಟೆಯ ಮೇಲೆ ಮಲಗಿದೆ.